ಕಡಲ ತಳದಲ್ಲಿ ಕಂಬಳಿ ಹೊದ್ದವರು

ಇದು ನಡೆದದ್ದು ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ನಮ್ಮ ಹೊಸಹಳ್ಳಿಯ ಬಂಡೆಗಳ ಮೇಲೆ ರೊಟ್ಟಿ ಸುಡಬಹುದಾದಂಥ ಒಂದು ಮಧ್ಯಾಹ್ನ. ನನ್ನ ತಮ್ಮ ಪಾಲಾಕ್ಷ ಆಗ ಕಾಕಿನಾಡದಾಚೆ ಹಡಗಿನಲ್ಲಿದ್ದ. ನೂರು ಹುಣಸೆಮರ ಒಂದರ ಮೇಲೊಂದು ನಿಲ್ಲಿಸಿದರೂ ಮುಗಿಯದ ಆಳದಲ್ಲಿ ಗ್ಯಾಸಿನ ಬಾವಿ. ಅಲ್ಲಿಗೆ ಮನುಷ್ಯರು ಇಳಿಯುವಂತಿಲ್ಲ. ಇವನು ಮೇಲೆ ಕೂತು, ಟಿವಿ ನೋಡುತ್ತ, ಕೆಳಗೆ ಬಿಟ್ಟ ಯಂತ್ರದ ಕೈಯಿಂದ ವಾಲ್ವ್ ತಿರುಗಿಸಬೇಕು.

ಅವನ ಫೋನ್ ಬಂತು. ಕಿವಿಗಿಟ್ಟರೆ ನೀರಿನ ಗಡಿಗೆಯಷ್ಟು ತಣ್ಣಗಿತ್ತು.

“ಅಕ್ಕಾ, ಕೆಳಗ ವಾಲ್ವ್ ಹಿಡಕೊಂಡು ಯಾರೋ ಕುಂತಾರ.”

“ಉಂಡಾರೇನು ಕೇಳೋ,” ಎಂದು ನಕ್ಕೆ.

“ಮಾವನ ಕಂಬಳಿ ಹೊದ್ದಾರ. ಕೆಂಪು ದಾರದ ತೇಪಿ ಐತಿ.”

ನನ್ನ ನಗು ನಿಂತಿತು. ಮಾವ ಎಂದರೆ ನನ್ನ ಗಂಡ. ಹೂಳಿ ಆರು ತಿಂಗಳಾಗಿತ್ತು. ಮಣ್ಣಿಗೆ ಒಯ್ಯುವ ಬೆಳಿಗ್ಗೆ ಆ ತೇಪೆ ಹಾಕಿ ಹೊದಿಸಿದವಳು ನಾನು. ಪಾಲಾಕ್ಷ ಮಣ್ಣಿಗೆ ಬಂದಿರಲೇ ಇಲ್ಲ.

“ಈಗ ವಾಲ್ವ್ ತಿರುಗಿಸ್ಬೇಕು ಅಕ್ಕ. ಅವರ ಕೈ ಮುರಿತೈತಿ. ಏನ್ ಮಾಡ್ಲಿ?”

ಅಡ್ಡ ಕೂತ ಸತ್ತವರನ್ನು ಮನೆಯವರ ಹೆಸರು ಹೇಳಿ ಏಳಿಸುವುದು ನಮ್ಮ ಪದ್ಧತಿ. ಹೋಗು ಎನ್ನಬೇಕು, ಬಾ ಎನ್ನಬಾರದು. ನನ್ನದೋ, ನಲವತ್ತು ವರ್ಷ ಊಟಕ್ಕೆ ಕರೆದ ನಾಲಿಗೆ.

“ನನ್ನ ಹೆಸರು ಹೇಳು. ಮಾಳಮ್ಮ ಕರೀತಾಳ, ಎದ್ದು ಬರ್ರಿ ಅನ್ನು.”

ಅವನು ಹಾಗೇ ಅಂದ. ಫೋನಿನಲ್ಲಿ ಗುಳುಗುಳು ಸದ್ದಾಯಿತು.

“ಕೈ ಬಿಟ್ರು ಅಕ್ಕ.”

“ಎತ್ಲಾಗ ಹೋದ್ರು?”

“ಹೋಗಿಲ್ಲ. ಮ್ಯಾಲೆ ಬರಾಕತ್ಯಾರ.”

ಪಾಲಾಕ್ಷ ಎಂಟನೇ ದಿನ ಊರಿಗೆ ಬಂದ. ಮತ್ತೆ ಹಡಗಿಗೆ ಹೋಗಲಿಲ್ಲ. ಅವರು ಮೇಲೆ ಬಂದು ಹಡಗು ಮುಟ್ಟಿದರೇ ಎಂದು ಕೇಳಿದಾಗಲೆಲ್ಲ, ಉಣ್ಣುವುದನ್ನು ಬಿಟ್ಟು ಎದ್ದು ಹೋಗುತ್ತಾನೆ.