ಕೈಗೆಟುಕದ ಹರಕೆಗಳು

ಊರವರು ಹರಕೆಯ ಬಟ್ಟೆ ಕಟ್ಟುವ ಆರ್ಚಾ ಮರದ ದಪ್ಪನೆಯ ಕೊಂಬೆಯೊಂದನ್ನು ಯಾರೋ ಕೊಯ್ದು ಎಳೆದೊಯ್ದಿದ್ದರು. ಬುಡದಲ್ಲಿ ಕಾಡು ಕಾಯುವ ತಂಡದ ತಲಾಯನ ಗರಗಸ ಬಿದ್ದಿತ್ತು.

ಅದೇ ತಂಡದ ಶಮ್ಶಿ ಎಲ್ಲರಂತೆ ಕುದುರೆಯನ್ನು ಹಳ್ಳದ ಬಳಿ ಬಿಟ್ಟು, ಅನಾರ್‌ಕುಲ್ ಅಕ್ಕನ ಹಿಂದೆ ನಡೆದೇ ಮರದ ಹತ್ತಿರ ಬಂದ. ಅಕ್ಕ ಊರಿನ ಸೂಲಗಿತ್ತಿ. ಆ ವಾರವಷ್ಟೇ ಶೇರ್ಗಾಜಿ ತಾತನ ಮನೆಯಲ್ಲಿ ಹೆರಿಗೆ ಮಾಡಿಸಿ ಬಂದಿದ್ದಳು. ಉಳಿದಂತೆ ಅವಳ ವಾಸ ಕಾಡಿನ ಕಾವಲು ಮನೆಯಲ್ಲಿ. ಅಲ್ಲಿ ಏನು ಕಳೆದರೂ ಹುಡುಕಿಕೊಡುವವಳು ಅವಳೇ.

"ಕೊಂಬೇಲಿದ್ದ ಹರಕೆ ಬಟ್ಟೆಗಳೆಲ್ಲ ಪಕ್ಕದ ಮರಕ್ಕೆ ಬಂದಿವೆ ನೋಡು," ಎಂದಳು.

"ಕಳ್ಳನಿಗೆ ಭಕ್ತಿ ಜಾಸ್ತಿ."

"ಒಂದನ್ನ ಮುಟ್ಟು, ಉದ್ದಪ್ಪ."

ಶಮ್ಶಿ ತುದಿಗಾಲಲ್ಲಿ ನಿಂತು ಕೈಚಾಚಿದ. ಎಟುಕಲಿಲ್ಲ.

ಕಾವಲು ಮನೆಯ ಅಂಗಳದಲ್ಲಿ ಸ್ವಯಂಸೇವಕರೆಲ್ಲ ಸೇರಿದ್ದರು. ಸಂಬಳವಿಲ್ಲದ ಆ ಕೆಲಸದಲ್ಲಿ ತೋಳಿನ ಹಸಿರು ಪಟ್ಟಿಯೇ ಮರ್ಯಾದೆ. ಹೊಸಬ ತಲಾಯನ ಪಟ್ಟಿ ಬಿಚ್ಚಿಸಬೇಕೆಂದು ಗಲಾಟೆ ನಡೆದಿತ್ತು.

"ಗರಗಸ ಇಲ್ಲೇ ಗೋಡೆಗೆ ನೇತುಹಾಕಿದ್ದೆ. ಯಾರು ಬೇಕಾದ್ರೂ ತಗೋಬೋದಿತ್ತು," ಎನ್ನುತ್ತಿದ್ದ ತಲಾಯ, ಪಟ್ಟಿಯನ್ನು ಅಂಗೈಯಿಂದ ಮುಚ್ಚಿಕೊಂಡು.

ತಂಡದ ಮುಖ್ಯಸ್ಥ ಶೇರ್ಗಾಜಿ ತಾತ ಕುದುರೆಯ ಮೇಲಿಂದಲೇ ಚಹಾದ ಬೋಗುಣಿ ಇಸಿದುಕೊಂಡು, ಕುಡಿಯದೆ ಹಿಡಿದುಕೊಂಡಿದ್ದ.

"ಕೊಯ್ದೋನು ನಮ್ಮೋನೇ," ಅಕ್ಕ ಶುರುಮಾಡಿದಳು. "ಹೊರಗಿನೋನಾಗಿದ್ರೆ ಬಟ್ಟೆ ಸಮೇತ ಎಳ್ಕೊಂಡು ಹೋಗ್ತಿದ್ದ. ಇವನು ಒಂದೊಂದೇ ಬಿಚ್ಚಿ ಬೇರೆ ಮರಕ್ಕೆ ಕಟ್ಟಿದಾನೆ. ಅದೂ ಶಮ್ಶಿಗೂ ಎಟುಕದಷ್ಟು ಮೇಲೆ. ಅಂದ್ರೆ ಕುದುರೆ ಮೇಲೆ ಕೂತ್ಕೊಂಡು."

"ಹರಕೆ ಮರದ ಹತ್ರ ಯಾರಕ್ಕ ಕುದುರೆ ಮೇಲೆ ಹೋಗ್ತಾರೆ?" ಎಂದ ಶಮ್ಶಿ.

"ಇಳಿಯೋಕೆ ಆಗದೋನು. ಇಳಿಯದೇ ಎಳ್ಕೊಂಡು ಹೋಗೋಕೆ ಅಂತ ಕೊಂಬೆಗೆ ಮೊದಲೇ ಹಗ್ಗ ಬಿಗಿದು, ಆಮೇಲೆ ಕೊಯ್ದಿದಾನೆ. ಕೈಜಾರಿ ಗರಗಸ ಬಿತ್ತು. ಅದನ್ನ ಎತ್ಕೋಬೇಕಂದ್ರೆ ಇಳೀಬೇಕು. ಇಳಿದ್ರೆ ಮತ್ತೆ ಹತ್ತಿಸೋರು ಅಲ್ಲಿಲ್ಲ. ತಲಾಯನಿಗೆ ಕುದುರೇನೇ ಇಲ್ಲ. ಅವನಾಗಿದ್ರೆ ಬಗ್ಗಿ ಎತ್ಕೊಂಡು ಹೋಗ್ತಿದ್ದ."

ಅಂಗಳದಲ್ಲಿ ಕುದುರೆಯ ಮೇಲಿದ್ದವನು ಒಬ್ಬನೇ. ಅವನು ಚಹಾದ ಬೋಗುಣಿಯನ್ನು ಕೆಳಗಿದ್ದವರಿಗೆ ಹಿಂದಿರುಗಿಸಿದ.

"ಮರಿಮಗ ಹುಟ್ಟಿದಾನೆ," ಎಂದ ಶೇರ್ಗಾಜಿ ತಾತ. "ನಮ್ಮನೇಲಿ ತೊಟ್ಟಿಲು ಅಂದ್ರೆ ಆರ್ಚಾದ್ದೇ. ಕೊಂಬೆ ಮುಟ್ಟಬಾರ್ದು ಅಂತ ನಿಯಮ ಮಾಡಿದೋನೂ ನಾನೇ. ಇನ್ಯಾರ ಅಪ್ಪಣೆ ಕೇಳ್ಲಿ?"

"ನಂಗೂ ಹೇಳಿದ್ರಿ, ತೊಟ್ಟಿಲು ಮಾಡಿಸ್ಬೇಕು ಅಂತ," ಎಂದಳು ಅಕ್ಕ. "ಅದಿರ್ಲಿ. ಈ ಹುಡುಗನ ಮರ್ಯಾದೆ ಕಳೀತಿದ್ದಾಗ ಬಾಯಿ ಬಿಡ್ಬೋದಿತ್ತಲ್ಲ ತಾತ?"

ತಾತ ತನ್ನ ಹಸಿರು ಪಟ್ಟಿಯನ್ನು ಬಿಚ್ಚಿ ಚಾಚಿದ. ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ.

"ಇಳಿಸ್ರೋ ನನ್ನ. ಮೇಲೆ ಕೂತ್ಕೊಂಡು ಕ್ಷಮೆ ಕೇಳೋದಲ್ಲ."

ತಲಾಯ ಬಂದು ಜೀನಿನ ಪಕ್ಕ ಹೆಗಲು ಕೊಟ್ಟು ನಿಂತ.

"ಆಮೇಲೆ ಹತ್ತಿಸೋರ್ಯಾರೋ?" ತಾತನ ದನಿ ಸಣ್ಣದಾಗಿತ್ತು.

"ಮೊದಲು ಇಳೀರಿ, ತಾತ."