ಮೂರು ಸೆಂಟಿಮೀಟರ್ ಹೊರಗೆ ಬಂದ ಗಾಲಿ

"ತಪ್ಪ ಮಾಡ್ದಾಂವ ಅಲ್ಲಂದ್ರ ನಮ್ಮವ್ವನ್ನ ಎತ್ತಿ ತನ್ನ ಟ್ರಾಲಿಯೊಳಗ ಯಾಕ ಹಾಕ್ಕೊಂಡ ಹೋಗ್ತಿದ್ನರಿ? ಈ ಕಾಲದಾಗ ಯಾರರ ಸುಮ್ನ ಹಂಗ ಮಾಡ್ತಾರೇನ್ರಿ?"

ಠಾಣೆಯಲ್ಲಿ ದ್ರೌಪದಿ ಹೀಗೆ ಕೇಳಿದಾಗ ಹವಾಲ್ದಾರ ಬಾಳಾಸಾಬ ಹೌದೆಂಬಂತೆ ತಲೆಯಾಡಿಸಿದ. ಇಪ್ಪತ್ತಾರು ವರ್ಷದ ನೌಕರಿ ಅವನಿಗೂ ಅದನ್ನೇ ಕಲಿಸಿತ್ತು. ಸತ್ತವರ ಹತ್ತಿರ ಮೊದಲು ಯಾರು ಬಂದರೋ ಅವರನ್ನು ಮೊದಲು ಕೂರಿಸು.

2025ರ ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ದ್ರೌಪದಿಯ ತಾಯಿ ತುಳಸವ್ವ, ವಯಸ್ಸು ಐವತ್ತೈದು, ಕೂಲಿ ಕೆಲಸ. ಬೆಳಿಗ್ಗೆ ಆರೂವರೆಗೆ ಕಳೆ ತೆಗೆಯಲು ಹೊರಟವಳಿಗೆ ಏಕಸಂಬಿ ರಸ್ತೆಯ ಮೋರಿಯ ಹತ್ತಿರ ಯಾವುದೋ ವಾಹನ ಹಿಂದಿನಿಂದ ಬಡಿದು ಹೋಗಿತ್ತು. ಗೊಬ್ಬರ ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರ್ ಚಾಲಕ ಬೀರದೇವ ಅವಳನ್ನು ಎತ್ತಿ ಗೊಬ್ಬರದ ಮೇಲೆಯೇ ತನ್ನ ಕಂಬಳಿ ಹಾಸಿ ಮಲಗಿಸಿ, ಚಿಕ್ಕೋಡಿಯ ಆಸ್ಪತ್ರೆಗೆ ಒಯ್ದಿದ್ದ. ಅವಳು ದಾರಿಯಲ್ಲೇ ತೀರಿಕೊಂಡಳು. ದ್ರೌಪದಿ ಕೊಟ್ಟ ಫಿರ್ಯಾದಿಯಲ್ಲಿ ಇದ್ದದ್ದು ಒಂದೇ ಹೆಸರು, ಬೀರದೇವನದು.

ಪಿಎಸ್‌ಐ ಸಾರಿಕಾ ಎಫ್‌ಐಆರ್ ದಾಖಲಿಸಿದರು. ಭಾರತೀಯ ನ್ಯಾಯ ಸಂಹಿತೆ ಕಲಂ 281, 106(1), ಅಜಾಗರೂಕ ಚಾಲನೆ ಮತ್ತು ನಿರ್ಲಕ್ಷ್ಯದಿಂದ ಸಾವು. ಆಮೇಲೆ ಬೆಂಚಿನ ತುದಿಯಲ್ಲಿ ಕುಳಿತಿದ್ದ ಬೀರದೇವನ ಕಡೆ ತಿರುಗಿದರು. ಅವನ ಅಂಗಿಯ ಮೇಲೆ ಗೊಬ್ಬರವೂ ರಕ್ತವೂ ಒಟ್ಟಿಗೆ ಒಣಗಿದ್ದವು.

"ಯಾಕ ನಿಲ್ಲಿಸಿದಿ?"

"ಮತ್ತೇನ್ ಮಾಡ್ಲಿರಿ ಮೇಡಮ್? ಉಸಿರ ಆಡಾಕತ್ತಿತ್ತು. ದಾಟಿ ಹೋಗ್ಬೇಕಾಗಿತ್ತೇನ್ರಿ?"

"ಬ್ಯಾರೆ ಗಾಡಿ ಕಂಡಿ?"

"ಧೂಳ ಕಂಡೆರಿ. ಗಾಡಿ ಕಾಣ್ಲಿಲ್ಲ."

"ಧೂಳಿಗೆ ನಂಬರ್ ಪ್ಲೇಟ್ ಇರೂದಿಲ್ಲೋ ಮಾರಾಯ," ಅಂದ ಬಾಳಾಸಾಬ. ಬೀರದೇವ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದೂ ಬಾಳಾಸಾಬನಿಗೆ ಅನುಮಾನಕ್ಕೆ ಒಂದು ಕಾರಣವೇ ಆಯಿತು.

ಸ್ಥಳ ಪಂಚನಾಮೆ ಶುರುವಾದದ್ದು 11 ಗಂಟೆ 15 ನಿಮಿಷಕ್ಕೆ. ಮೋರಿಯ ಗಿಡ್ಡ ಗೋಡೆಗೆ ದಸರೆಗೆ ಬಳಿದ ಸುಣ್ಣ ಇನ್ನೂ ಬೆಳ್ಳಗಿತ್ತು. ಅದರ ಮೇಲೆ ನೆಲದಿಂದ ಒಂದೂವರೆ ಗೇಣು ಎತ್ತರದಲ್ಲಿ, ಎರಡು ಗೇಣು ಉದ್ದದ ಒಂದು ಕರಿ ಗೆರೆ. ಬಾಳಾಸಾಬ ಮೊಣಕಾಲೂರಿ ಬೆರಳಿನಿಂದ ಉಜ್ಜಿದ. ರಬ್ಬರು.

"ಮೇಡಮ್, ಇದು ಟ್ರ್ಯಾಕ್ಟರಿಂದು ಅಲ್ರಿ," ಎಂದ, ತನಗೇ ಇಷ್ಟವಿಲ್ಲದವನಂತೆ. "ಟ್ರ್ಯಾಕ್ಟರ್ ಗಾಲಿಗೆ ದಪ್ಪ ಹಲ್ಲ ಇರ್ತಾವ. ಉಜ್ಜಿದ್ರ ಬಿಟ್ಟಬಿಟ್ಟ ಮೂಡಬೇಕು. ಇದು ಒಂದಾ ಸಮ ಐತಿ."

"ಕಾರ್?"

"ಕಾರಂದ್ರ ಬಣ್ಣ ಎಲ್ಲೈತ್ರಿ? ಗ್ವಾಡಿಗೆ ಮೊದಲ ತಾಗೂದು ಬಾಡಿ. ಗಾಲಿ ಒಳಗಿರತೈತಿ. ಇಲ್ಲಿ ಬಣ್ಣದ್ದೊಂದ ಚೂರೂ ಇಲ್ಲ, ಬರೇ ರಬ್ಬರ್."

ಹುಲ್ಲಿನಲ್ಲಿ ಅಂಗೈಯಗಲದ ಒಂದು ಕರಿ ಪ್ಲಾಸ್ಟಿಕ್ ಚೂರು ಸಿಕ್ಕಿತು. ಅದನ್ನು ಲಕೋಟೆಗೆ ಹಾಕಿ, ಮೊಹರು ಮಾಡಿ, ಪಂಚರ ಸಹಿ ತೆಗೆದುಕೊಂಡರು. ಬೀರದೇವನನ್ನು ಸಂಜೆ ಮನೆಗೆ ಬಿಟ್ಟರೂ ಊರು ಬಿಡಬಾರದೆಂದು, ಮರುದಿನ ಬಂದು ಕೂಡಬೇಕೆಂದು ಹೇಳಿ ಕಳಿಸಿದರು. ಅವನ ಟ್ರ್ಯಾಕ್ಟರ್ ಠಾಣೆಯ ಮುಂದೆಯೇ ನಿಂತಿತು. ಹೋಗಿಬರುವ ಜನ ಅದನ್ನು ನೋಡಿ ಉಗುಳಿ ಹೋಗುತ್ತಿದ್ದರು.

ಮರುದಿನ, ಶುಕ್ರವಾರ, ಬೆಳಿಗ್ಗೆ 10 ಗಂಟೆಗೆ ಸಾರಿಕಾ, ಬಾಳಾಸಾಬ ಇಬ್ಬರೂ ನಿಪ್ಪಾಣಿಗೆ ಹೋದರು. ಅಲ್ಲಿ ಜ್ಞಾನದೇವನ ಅಂಗಡಿ. ಅಲಾಯ್ ಚಕ್ರ, ಟಾಯರು, ಅಲೈನ್‌ಮೆಂಟ್. ಮಾತಿನ ಮನುಷ್ಯ. ಬಾಳಾಸಾಬನ ಮೊಬೈಲಿನಲ್ಲಿದ್ದ ಪ್ಲಾಸ್ಟಿಕ್ ಚೂರಿನ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಇದು ಸಣ್ಣ ಕಾರಿನ ಮಡ್ಗಾರ್ಡಿನ ಒಳಗಿನ ಲೈನಿಂಗ್ ಬಿಡ್ರಿ ಹವಾಲ್ದಾರ್ರ. ಟಾಯರ್ ತಿಂದೈತಿ ಇದನ್ನ. ಬರ್ರಿಲ್ಲೆ, ತೋರಸ್ತೇನಿ."

ಒಂದು ಚಕ್ರವನ್ನು ಬೋರಲು ಹಾಕಿ, ಒಳಮೈಯಲ್ಲಿ ಅಚ್ಚೊತ್ತಿದ ಅಂಕಿಯ ಮೇಲೆ ಬೆರಳಿಟ್ಟ. ಇಟಿ 45.

"ಮಂದಿ ಬಣ್ಣ ನೋಡ್ತಾರ, ಇಂಚ ನೋಡ್ತಾರ, ಇದನ್ನ ಯಾರೂ ನೋಡೂದಿಲ್ಲ. ಇದಕ್ಕ ಆಫ್‌ಸೆಟ್ ಅಂತೀವ್ರಿ. ಚಕ್ರದ ಅಗಲದ ನಟ್ಟನಡುವಿಗೂ, ಬೋಲ್ಟ್ ಕೂಡೂ ಜಾಗಾಕ್ಕೂ ಎಷ್ಟ ಮಿಲಿಮೀಟರ್ ಫರಕ್ ಅನ್ನೂದು. ಅಂಕಿ ದೊಡ್ಡದಿದ್ರ ಗಾಲಿ ಒಳಗ ಕೂಡತೈತಿ, ಸಣ್ಣದಾದ್ರ ಹೊರಗ ಬರತೈತಿ. ಸಣ್ಣ ಕಾರಿಗೆ ಕಂಪನಿ ನಲವತ್ತೈದರ ಸುತ್ತಮುತ್ತ ಕೊಟ್ಟಿರತೈತಿ. ನೀವು ಹದಿನೈದಿಂದು ಹಾಕಿದ್ರಿ ಅನ್ರಿ, ಏನಾತು?"

"ಮೂವತ್ತ ಮಿಲಿಮೀಟರ್," ಎಂದರು ಸಾರಿಕಾ.

"ಮೂರ ಸೆಂಟಿಮೀಟರ್ ಹೊರಗ. ಗರ್ದಿಯೊಳಗ ಮೊಣಕೈ ಹೊರಗ ಮಾಡ್ಕೊಂಡ ನಡದಂಗ. ನೋಡಾಕ ಭಾರಿ. ತೆಗ್ಗಿನ್ಯಾಗ ಬಿತ್ತಂದ್ರ ಮಡ್ಗಾರ್ಡ್ ಬಂದ ಟಾಯರ್ ಮ್ಯಾಲೆ ಕೂಡತೈತಿ, ಸ್ಟೇರಿಂಗ್ ಕೈಯಾಗಿಂದ ಜಗ್ಗತೈತಿ."

"ಹಂತಾವು ಯಾರಿಗರ ಹಾಕಿ ಕೊಟ್ಟೀಯೇನು?" ಎಂದು ಬಾಳಾಸಾಬ ಕೇಳಿದ.

ಜ್ಞಾನದೇವ ಕೈ ಒರೆಸಿಕೊಂಡ. "ಹಾಕಿ ಕೊಡಲಿಲ್ರಿ. ಅದಕ್ಕ ಬೈಸ್ಕೊಂಡೇನಿ. ದಸರಾಕ್ಕಿಂತ ಮೊದಲ ಏಕಸಂಬಿಯಿಂದ ಒಬ್ಬ ಹುಡುಗ ಬಂದಿದ್ದ. ಕೊಲ್ಹಾಪುರದಾಗ ಯಾವುದೋ ದೊಡ್ಡ ಗಾಡಿಯಿಂದ ಬಿಚ್ಚಿದ ನಾಕ ಚಕ್ರ ತಂದಿದ್ದ. ಇಟಿ ಹದಿನೈದು. 'ಬ್ಯಾಡಪಾ, ತಿಂತಾವು' ಅಂದೆ. 'ನಿಮಗ ಧಂದಾ ಮಾಡಾಕ ಬರೂದಿಲ್ಲ' ಅಂದ. 'ಹೆಣ್ಣ ನೋಡಾಕ ಹೋಗೂದೈತಿ, ಗಾಡಿ ಅಗಲ ಕಾಣಬೇಕು' ಅಂದ. ಹೆಣ್ಣಿನ ಅಪ್ಪ ಗಾಡಿ ಅಳತಿ ಮಾಡಾಂವೇನು ಅಂತ ನಕ್ಕೆ. ಸಿಟ್ಟಾಗಿ ಹೋದ."

ಅವನ ಮೊಬೈಲಿನಲ್ಲಿ ಆ ಹುಡುಗನ ನಂಬರಿತ್ತು. ವಿಕ್ರಾಂತ.

ಅದೇ ದಿನ ಮಧ್ಯಾಹ್ನ 3 ಗಂಟೆ 30 ನಿಮಿಷಕ್ಕೆ ಜೀಪು ಏಕಸಂಬಿಯ ಮನೆಯ ಮುಂದೆ ನಿಂತಿತು. ಇಪ್ಪತ್ತೇಳರ ವಿಕ್ರಾಂತ ಹೊರಗೆ ಬಂದವನು ಕೈ ಮುಗಿದ. "ವೆರಿಫಿಕೇಶನ್ ಸಲುವಾಗಿ ಬಂದ್ರಿ?"

ಬಾಳಾಸಾಬನಿಗೆ ಆಗ ನೆನಪಾಯಿತು. ಸರ್ಕಾರಿ ಬಸ್ ಚಾಲಕನ ಹುದ್ದೆಗೆ ಆಯ್ಕೆಯಾದ ಹುಡುಗನೊಬ್ಬನ ಪೊಲೀಸ್ ಪರಿಶೀಲನೆಯ ಕಾಗದ ವಾರದಿಂದ ಅವನದೇ ಮೇಜಿನ ಮೇಲಿತ್ತು. ಊರು ಏಕಸಂಬಿ.

"ಹೂಂ," ಎಂದುಬಿಟ್ಟ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ತಾಯಿ ಲಕ್ಷ್ಮಿಬಾಯಿ ಓಡಿಬಂದು ಚಾಪೆ ಹಾಸಿದಳು, ಚಹಾಕ್ಕಿಟ್ಟಳು. ಸಾರಿಕಾ ಹುಡುಗನಿಗೆ ನಾಲ್ಕು ಪ್ರಶ್ನೆ ಕೇಳುತ್ತ ಒಳಗೆ ಕುಳಿತರು. ಬಾಳಾಸಾಬ ಅಂಗಳದಲ್ಲಿ ತಗಡಿನ ಪತ್ರಾಸಿನ ಕೆಳಗೆ ನಿಂತಿದ್ದ ಕೆಂಪು ಕಾರನ್ನು ಸುತ್ತಿದ. ನಾಲ್ಕೂ ಕಂಪನಿಯ ಚಕ್ರಗಳೇ. ಒಳಗೆ ಸರಿಯಾಗಿ ಕೂತಿವೆ. ಅವನ ಮನಸ್ಸು ಪಿಚ್ಚೆಂದಿತು. ಜ್ಞಾನದೇವ ಸುಳ್ಳು ಹೇಳಿದನೇ? ಬೀರದೇವನೇ ಖರೆ ಇರಬಹುದೇ?

ದಸರೆಯ ಖಂಡೇ ಪೂಜೆಯಲ್ಲಿ ಹಚ್ಚಿದ ಭಂಡಾರ ಕುಂಕುಮ ಕಾರಿನ ಮೇಲೆ ಇನ್ನೂ ಹಾಗೇ ಇತ್ತು. ಬಾನೆಟ್ಟಿಗೆ, ನಾಲ್ಕೂ ಬಾಗಿಲಿಗೆ, ಸ್ಟೇರಿಂಗಿಗೆ. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿಗೂ ಮೂರು ಬೊಟ್ಟು.

"ಅವ್ವಾರ, ಪೂಜಿ ಭಾರಿ ಮಾಡೀರಿ," ಎಂದ, ಚಹಾ ತಂದವಳಿಗೆ.

"ಮಾಡ್ಲಿಲ್ಲಂದ್ರ ಹೆಂಗ್ರಿ? ಬಸ್ಸ್ ಹೊಡಿಯಾಂವಗ ಗಾಡೀನ ದೇವರು."

"ಗಾಲಿಗೆ ಹಚ್ಚೂದ ಬಿಟ್ಟೀರಲ್ರಿ?"

"ಅಯ್ಯ, ಗಾಲಿಗೆ ಹಚ್ಚಲಾರದ ಪೂಜಿ ಎಂಥಾದ್ರಿ! ನಾನಾ ನನ್ನ ಕೈಲೆ ಹಚ್ಚೇನಿ. ಹೊಸಾವು, ಮಿಂಚಾಕತ್ತಿದ್ದು, ಕುಂಕುಮ ಜಾರ್ತಿತ್ತು, ನೀರ ಹಚ್ಚಿ..." ಹೇಳುತ್ತ ಬಗ್ಗಿದವಳು ಹಾಗೇ ನಿಂತಳು. ಕಣ್ಣೆದುರಿನ ಚಕ್ರ ಹಳೆಯದು, ಧೂಳಿನದು, ಒಂದು ಬೊಟ್ಟೂ ಇಲ್ಲದ್ದು. ಬಾಳಾಸಾಬ ಅವಳ ಮುಖ ನೋಡಲಿಲ್ಲ. ಎಡಗಡೆಯ ಮುಂದಿನ ಗಾಲಿಯ ಮೇಲೆ ಕೈಯಾಡಿಸಿದ. ಮಡ್ಗಾರ್ಡಿನ ಒಳಅಂಚು ಉಜ್ಜಿ ಉಜ್ಜಿ ತಗಡು ಹೊಳೆಯುತ್ತಿತ್ತು. ಲೈನಿಂಗಿನಲ್ಲಿ ಅಂಗೈಯಗಲ ಹರಿದಿತ್ತು. ಒಳಗೆ ಕೂಡುವ ಗಾಲಿ ಆ ಅಂಚನ್ನು ಮುಟ್ಟುವುದೇ ಇಲ್ಲ.

"ಮೇಡಮ್," ಎಂದು ಕರೆದ. "ಹೊರಗ ಬರ್ರಿ."

ಸಾರಿಕಾ ನೋಡಿದರು. ಆಮೇಲೆ ಹುಡುಗನನ್ನು ಕೇಳಿದರು: "ಗಾಲಿ ಎಲ್ಲಿ ಅದಾವು?"

"ಯಾವ ಗಾಲಿರಿ?"

"ನಿಮ್ಮವ್ವ ಕುಂಕುಮ ಹಚ್ಚಿದ್ದು."

ವಿಕ್ರಾಂತ ತಾಯಿಯ ಕಡೆ ನೋಡಿದ. ತಾಯಿ ಅವನ ಕಡೆ ನೋಡಲಿಲ್ಲ. ಅವನೇ ಮುಂದಾಗಿ ಹಿತ್ತಲಿಗೆ ನಡೆದ.

ಸಂಜೆ 5 ಗಂಟೆ 10 ನಿಮಿಷಕ್ಕೆ ಜೋಳದ ಕಣಕಿ ಬಣವೆಯ ಕೆಳಗಿನಿಂದ ನಾಲ್ಕು ಚಕ್ರಗಳನ್ನು ಪಂಚರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು. ಅಂಕಿ ಇಟಿ 15. ಒಂದು ಟಾಯರಿನ ಮಗ್ಗುಲಲ್ಲಿ ಸುಣ್ಣ ಮೆತ್ತಿತ್ತು. ಎಫ್‌ಐಆರ್‌ಗೆ ಕಲಂ 238, ಸಾಕ್ಷ್ಯ ನಾಶ, ಸೇರಿತು. 5 ಗಂಟೆ 40 ನಿಮಿಷಕ್ಕೆ ಬಂಧನ.

ಠಾಣೆಯಲ್ಲಿ ಬೀರದೇವ ಇನ್ನೂ ಬೆಂಚಿನ ಮೇಲಿದ್ದ. ದ್ರೌಪದಿಯೂ ಬಂದಿದ್ದಳು. ವಿಷಯ ಕೇಳಿದ ಮೇಲೆ ಎದ್ದು ಬೀರದೇವನ ಹತ್ತಿರ ಹೋದಳು.

"ಅವ್ವ ಏನರ ಅಂದಳೇನಣ್ಣ, ಟ್ರಾಲಿಯೊಳಗ?"

"ನೀರ ಕೇಳಿದ್ಲವ್ವಾ. ಕುಡಿಸಿದೆ."

ಅವಳು ಅವನ ಪಕ್ಕದಲ್ಲೇ ಕುಳಿತಳು. ಬಾಳಾಸಾಬ ಟ್ರ್ಯಾಕ್ಟರಿನ ಕೀಲಿ ತಂದು ಬೀರದೇವನ ಕೈಗಿಟ್ಟ. ಏನಾದರೂ ಹೇಳಬೇಕೆಂದುಕೊಂಡ. "ಡೀಸೆಲ್ ನೋಡ್ಕೊ," ಎಂದಷ್ಟೇ ಬಂತು.

ವಿಕ್ರಾಂತ ಹೇಳಿಕೆ ಕೊಟ್ಟದ್ದು ಸಣ್ಣ ದನಿಯಲ್ಲಿ. ಗುರುವಾರ ರಾಯಬಾಗಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. ಬೆಳಿಗ್ಗೆ ಸತ್ತಿ ಊರಿನಿಂದ ಅತ್ತೆಯನ್ನು ಕರೆತರಲು ಹೊರಟಿದ್ದ. ಮೋರಿಯ ಹತ್ತಿರ ತೆಗ್ಗು, ಗಾಲಿ ಹಿಡಿಯಿತು, ಸ್ಟೇರಿಂಗ್ ಎಡಕ್ಕೆ ಜಗ್ಗಿತು. ನಿಲ್ಲಿಸದೆ ಮುಂದೆ ಹೋಗಿ, ಬೇರೆ ದಾರಿಯಿಂದ ಮನೆಗೆ ತಿರುಗಿ ಬಂದು ಚಕ್ರ ಬದಲಿಸಿದ. ಹನ್ನೊಂದರ ಬಸ್ಸಿಗೆ ರಾಯಬಾಗಕ್ಕೆ ಹೋದ, ಅವರು ಕೊಟ್ಟ ಅವಲಕ್ಕಿ ತಿಂದ, ಹೆಣ್ಣು ಒಪ್ಪಿಗೆಯೆಂದು ಹೇಳಿ ಬಂದ. ಸರ್ಕಾರಿ ನೌಕರಿಯ ಹುಡುಗನೆಂದು ಅವರೂ ಒಪ್ಪಿದ್ದರು. ಮೂರು ಸಲ ಪರೀಕ್ಷೆಯಲ್ಲಿ ಬಿದ್ದು ನಾಲ್ಕನೆಯ ಸಲ ಆಯ್ಕೆಯಾದವನು.

"ಕೇಸ್ ಆದ್ರ ಫಾರ್ಮಿನ್ಯಾಗ ಬರೀಬೇಕಲ್ರಿ," ಎಂದ. "ಡ್ರೈವರ್ ಅಂತ ಯಾರ ತಗೋತಾರ್ರಿ ನನ್ನ?"

ಸಾರಿಕಾ ವೈದ್ಯರ ವರದಿ ಮಡಚಿ ಇಟ್ಟರು. "ಟ್ರ್ಯಾಕ್ಟರಿಗೆ ಒಂದ್ ತಾಸ ಹಿಡಿತು. ಆಸ್ಪತ್ರಿ ಗೇಟಿನ ಹತ್ರ ಬಂದಾಗ ಜೀವ ಹೋಗೈತಿ. ನಿನ್ನ ಕಾರಿನ್ಯಾಗ ಎಷ್ಟ ಹೊತ್ತ?"

ಅವನು ಲೆಕ್ಕ ಹಾಕಿದ. ಹಾಕಬಾರದಿತ್ತು, ಆದರೂ ಹಾಕಿದ. "ಇಪ್ಪತ್ತ ಮಿನಿಟ್ರಿ."

ಶನಿವಾರ ಬೆಳಿಗ್ಗೆ 10 ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಬಾಳಾಸಾಬ ತೋಳು ಹಿಡಿದು ಹೊರಗೆ ಕರೆತಂದ. ಜೀಪಿನ ಹತ್ತಿರ ಬಂದದ್ದೇ ವಿಕ್ರಾಂತ ತನಗೆ ಅರಿವಿಲ್ಲದೆ ಬಲಕ್ಕೆ ಸುತ್ತಿ ಹೋಗಿ, ಚಾಲಕನ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಬಾಳಾಸಾಬ ಗದರಿಸಲಿಲ್ಲ. ಆ ಕೈಯನ್ನು ಮೆಲ್ಲನೆ ಬಿಡಿಸಿ, ಹಿಂದಿನ ಬಾಗಿಲು ತೆಗೆದ.