ಎರಡು ಹಿತ್ತಾಳೆ ಗಾಲಿ

ಗ್ರಾಂಟ್ ರೋಡಿನ ಏಳು ಅಂಗಡಿಯವರು ಆ ಗಾಲಿಯನ್ನು ತಿರುಗಿಸಿ ನೋಡಿ ನಕ್ಕಿದ್ದರು. "ಯೇ ಮಾಲ್ ಬಂದ್ ಹೋ ಗಯಾ, ಬೆಹೆನ್‌ಜೀ." ಇಂಥ ಗಾಲಿ ಈಗ ಬರುವುದೇ ಇಲ್ಲವಂತೆ. ಎಂಟನೆಯವನು ಮಾತ್ರ ಧಾರಾವಿಯ ಒಂದು ಲೇಥ್ ವರ್ಕ್‌ಶಾಪಿನ ವಿಳಾಸ ಬರೆದುಕೊಟ್ಟ. ಹಾಗೆ ೧೯೮೬ರ ಒಂದು ಶನಿವಾರ, ಆಫೀಸಿನ ಹಾಫ್ ಡೇ ಮುಗಿಸಿ, ನಾನು ಅದನ್ನು ನಡೆಸುತ್ತಿದ್ದ ಭೀಮರಾಯನ ಮುಂದೆ ನಿಂತೆ.

ನಮ್ಮ ಮಾಟುಂಗದ ಮನೆಯಲ್ಲಿ ಹಾಲಿಗೂ ಒಳಕೋಣೆಗೂ ನಡುವೆ ಒಂದು ಸ್ಲೈಡಿಂಗ್ ಬಾಗಿಲು. ಮೇಲಿನ ಕಬ್ಬಿಣದ ಪಟ್ಟಿಗೆ ಎರಡು ಗಾಲಿಗಳಿಂದ ನೇತುಬಿದ್ದಿದ್ದ ಹಳೇ ತೇಗದ ಬಾಗಿಲು. ಗಾಲಿ ಸವೆದು ಅದು ಅರ್ಧಕ್ಕೇ ನಿಂತು ಮೂರು ವರ್ಷವಾಗಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ತಮ್ಮ ಜಯಸಿಂಹನ ಮದುವೆ ನಿಶ್ಚಯವಾಗಿ, ಹೊಸ ಜೋಡಿಗೆ ಕೋಣೆ ಬೇಕಾಗಿತ್ತು.

"ಇನ್ನೊಂದ ಗಾಲಿ ಎಲ್ಲದ ಬಾಯಾರ?" ಎಂದ ಭೀಮರಾಯ.

"ಅದು ಸರಿಯಾಗೇ ಇದೆ."

"ಒಂದ ಹೊಸಾದು, ಒಂದ ಹಳೇದು ಹಾಕಿದ್ರ ಬಾಗ್ಲಾ ಸೊಟ್ಟ ನಿಲ್ತದ್ರಿ. ಜೋಡಿನ ಬದಲಿ ಮಾಡಬೇಕು."

ಮಾತಾಡುವಾಗ ಗಾಲಿಯನ್ನೇ ನೋಡುತ್ತಿದ್ದ. ನಾನು ಬೇರೆ ಕಡೆ ನೋಡಿದಾಗ ಮಾತ್ರ ನನ್ನನ್ನು ನೋಡುತ್ತಿದ್ದ. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ಗೊತ್ತಾಯಿತು ಅಷ್ಟೆ.

ಮುಂದಿನ ಶನಿವಾರ ಇನ್ನೊಂದು ಗಾಲಿ ಕೊಟ್ಟೆ. ಅದರ ಮುಂದಿನ ವಾರ ಹಿತ್ತಾಳೆ ಸಿಕ್ಕಿಲ್ಲ ಎಂದ. ಹಿತ್ತಾಳೆಯ ಸರಳು ಅವನ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು.

"ಅದೇನು ಮತ್ತೆ?"

"ಅದು ಬ್ಯಾರೇದವ್ರದ್ದು ರೀ," ಎಂದು ಕಿವಿ ಕೆಂಪು ಮಾಡಿಕೊಂಡ.

ನನಗಾಗ ಮೂವತ್ತೊಂದು. ನನ್ನ ಎದುರಿಗೆ ಒಬ್ಬ ಗಂಡಸಿನ ಕಿವಿ ಕೆಂಪಾಗಿದ್ದು ಅದೇ ಮೊದಲು. ಆಮೇಲೆ ವಾರವಿಡೀ ಟೈಪ್ ಮಾಡುತ್ತ ಶನಿವಾರಕ್ಕೆ ಕಾಯತೊಡಗಿದೆ. ನಾನು ಹೋಗುವಷ್ಟರಲ್ಲಿ ಅವನು ಸ್ಟೂಲು ಒರೆಸಿಟ್ಟಿರುತ್ತಿದ್ದ, ಚಹಾ ತರಿಸುತ್ತಿದ್ದ. ನಾಲ್ಕನೇ ವಾರ 'ಬಾಯಾರ' ಹೋಗಿ 'ಕೌಸಲ್ಯಾ ಅವರ' ಆಯಿತು. ಎಷ್ಟು ಸುಖವಾಗಿದ್ದೆ ಆಗ!

ಐದನೇ ಶನಿವಾರ, ಅಮ್ಮನ ಗೊಣಗಾಟ ತಡೆಯಲಾರದೆ ಹೇಳಿಬಿಟ್ಟೆ. "ಇನ್ನು ತಡ ಮಾಡಬೇಡಿ. ಮನೇಲಿ ಮದುವೆ ಇದೆ, ಹೊಸ ಜೋಡಿಗೆ ಆ ಕೋಣೆ ಬೇಕು."

ಅವನ ಕೈ ನಿಂತಿತು. "ಮದುವಿ ಏನ್ರಿ?"

"ಹೂಂ. ಬರೋ ತಿಂಗಳು."

ಯಾರದೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಕ್ಕ ಮನೆಯಲ್ಲಿ ಕೂತಿರುವಾಗ ತಮ್ಮನಿಗೆ ಮದುವೆ ಎಂದು ಯಾವ ಬಾಯಿಂದ ಹೇಳಲಿ? ಆಫೀಸಿನಲ್ಲೂ 'ಮನೇಲಿ ಮದುವೆ' ಎಂದಷ್ಟೇ ಹೇಳಿ ರಜೆ ಕೇಳಿದ್ದೆ.

ಮುಂದಿನ ವಾರ ವರ್ಕ್‌ಶಾಪಿಗೆ ಬೀಗ. ಊರಿಗೆ ಹೋಗಿದ್ದಾನೆ ಎಂದರು. ಅದರ ಮುಂದಿನ ಭಾನುವಾರ ಬೆಳಿಗ್ಗೆ ತಾನೇ ಮನೆಗೆ ಬಂದು ಬಾಗಿಲು ಕೂರಿಸಿದ. ಅಮ್ಮ ತಿಂಡಿಯ ತಟ್ಟೆಯ ಜೊತೆ ಲಗ್ನಪತ್ರಿಕೆಯನ್ನೂ ಅವನ ಕೈಗಿಟ್ಟರು. "ಮಗನ ಮದುವೆ ಕಣಪ್ಪ, ತಪ್ಪದೆ ಬಾ," ಎಂದು ಅಡುಗೆಮನೆಗೆ ಹೋದರು.

ಅವನು ಪತ್ರಿಕೆಯನ್ನು ಎರಡು ಸಲ ಓದಿದ.

"ನಿಮ್ದಲ್ಲೇನ್ರಿ?"

"ತಮ್ಮಂದು."

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. "ನಾ ನಿಮ್ದ ಅಂತ ತಿಳಕೊಂಡೆ. ತನ್ನ ಮಗಳ್ನ ಮಾಡ್ಕೊ ಅಂತ ಎರಡ ವರ್ಷದಿಂದ ನಮ್ಮ ಅಕ್ಕ ಗಂಟ ಬಿದ್ದಿದ್ಲು. ತಾಯಿ ಹಂಗ ಸಾಕ್ಯಾಳ ನನ್ನ. ಆದ್ರೂ ಒಲ್ಲೆ ಅಂದಿದ್ದೆ. ಹೋದ ವಾರ ಹೋಗಿ ನಾಕ ಮಂದಿ ಮುಂದ ಎಲಿ-ಅಡಕಿ ಹಿಡದು ಮಾತ ಕೊಟ್ಟ ಬಂದೆ."

ಒಳಗೆ ಅಮ್ಮ ಇದ್ದರು, ಅಳುವ ಹಾಗೂ ಇರಲಿಲ್ಲ.

"ಯಾರ ಮದುವಿ ಅಂತ ಒಂದ ಮಾತ ಕೇಳಬೇಕಿತ್ತು ನಾ."

"ನಾನು ಹೇಳಬೇಕಿತ್ತು."

ಅವನು ಸಾಮಾನುಗಳನ್ನು ಚೀಲಕ್ಕೆ ತುಂಬಿದ. "ಎಣ್ಣಿ ಹಾಕಬ್ಯಾಡ್ರಿ, ಧೂಳ ಹಿಡೀತದ. ಒಣಾ ಅರಬಿಲೆ ಒರಸ್ರಿ, ಸಾಕು."

"ಮತ್ತೆ ಕೆಟ್ಟರೆ?"

"ಕೆಡೂದಿಲ್ರಿ. ನೀವ ಸಂಸಾರ ಮಾಡೂ ಖೋಲಿ ಅಂತ ತಿಳದು ಮಾಡೀನಿ. ಇಪ್ಪತ್ತ ವರ್ಷ ಏನೂ ಆಗೂದಿಲ್ಲ."

ನಾನು ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದೆ. ಚೂರೂ ಸದ್ದು ಮಾಡದೆ ಪೂರ್ತಿ ಮುಚ್ಚಿಕೊಂಡಿತು.

"ಇಷ್ಟು ಚೆನ್ನಾಗಿ ಮಾಡಬಾರದಿತ್ತು ನೀವು," ಎಂದೆ.

"ಹೌದ್ರಿ, ಬಾಯಾರ," ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.